ನೀವು ಉಜ್ಜಿದ ಟ್ರಿಗರ್

ಪುಕೆಕೊಹೆ, ನ್ಯೂಜಿಲೆಂಡ್, ಮೇ 2006

ರೀ,

ನೀವು ತೀರಿಕೊಂಡು ಎಂಟು ತಿಂಗಳಾಯಿತು. ಎದುರಿಗೆ ಕೂರಿಸಿ ಬಯ್ಯೋಣವೆಂದರೆ ನೀವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊಲ ಹೊಡೆಯುತ್ತಿದ್ದ ನಿಮ್ಮ ಸೆಮಿ-ಆಟೋಮ್ಯಾಟಿಕ್ ರೈಫಲ್ ಮಾರೋಣವೆಂದು ಇವತ್ತು ಬಂದೂಕು ರಿಪೇರಿಯವನನ್ನು ಕರೆಸಿದ್ದೆ. ಆತ ಒಳಗೆ ಗುಂಡಿಲ್ಲವೆಂದು ನೋಡಿಕೊಂಡು, ಅದರ ಹಿಂಬದಿಯನ್ನು ಮೇಜಿಗೆ ಮೆಲ್ಲಗೆ ತಟ್ಟಿದ. ಟ್ರಿಗರ್ ಮುಟ್ಟದೆಯೇ 'ಟಕ್' ಎಂದಿತು.

"ಗುಂಡಿದ್ದಿದ್ದರೆ ಹಾರಿರುತ್ತಿತ್ತು. ಟ್ರಿಗರ್ ಹಗುರವಾಗಲೆಂದು ಒಳಗಿನ ಕೊಂಡಿಯನ್ನು ಅರದಿಂದ ಉಜ್ಜಿ ಸವೆಸಿದ್ದಾರೆ. ಯಾರು ಉಜ್ಜಿದ್ದು?" ಎಂದ.

"ನನ್ನ ಗಂಡ. ಗುರಿ ಚೆನ್ನಾಗಿ ಕೂರುತ್ತೆ ಅಂತ ಗ್ಯಾರೇಜಿನಲ್ಲಿ ಉಜ್ಜಿದರು." ಹೇಳಲಿಕ್ಕೇ ನಾಚಿಕೆಯಾಯಿತು.

ಎಂಥ ಇಂಜಿನಿಯರ್ ರೀ ನೀವು? ಪ್ರತಿ ಶನಿವಾರ ಅದನ್ನು ನಿಮ್ಮ ಯೂಟ್ ಗಾಡಿಯಲ್ಲಿಟ್ಟು, ಪಕ್ಕದಲ್ಲೇ ಮಗಳನ್ನು ಕೂರಿಸಿಕೊಂಡು ಹೋಗುತ್ತಿದ್ದಿರಲ್ಲ! ಕೇಳಿದರೆ "ಏನೂ ಆಗಲ್ಲ ಕಣೇ" ಅಂದಿರಿ. ಮೂರು ಗುಂಡು ಒಂದೇ ತೂತಿಗೆ ಬಿದ್ದ ಕಾಗದ ತೋರಿಸಿದಾಗ ನಾನೂ ಚಪ್ಪಾಳೆ ತಟ್ಟಿದೆ. ಮತ್ತೆ ಕೇಳಲಿಲ್ಲ.

ಮಾರುವುದು ಬೇಡ, ಒಡೆದುಹಾಕಿ ಎಂದು ಅವನ ಕೈಗೆ ಕೊಟ್ಟು ಕಳಿಸಿದೆ.

ಶಾಲೆಯಿಂದ ಬಂದ ನಿಶಾ, ಅಪ್ಪನ ರೈಫಲ್ ಮಾರಿದೆಯಾ ಅಂತ ಇಂಗ್ಲಿಷಿನಲ್ಲಿ ಕೇಳಿದಳು.

"ಹೂಂ ಪುಟ್ಟಿ. ಅಪ್ಪ ಅದನ್ನು ತುಂಬಾ ಚೆನ್ನಾಗಿ ಇಟ್ಟಿದ್ದರಂತೆ. ತಗೊಂಡವರು ಹೊಗಳಿದರು" ಎಂದೆ.

ವಿಶಾಲಾಕ್ಷಿ