ಲಗ್ನದ ತಾರೀಕಿಗೇ ಮುಗಿಯೋ ಸರ್ಟಿಫಿಕೇಟು

ರೀ,

ಹದಿನೈದು ದಿನಕ್ಕೊಮ್ಮೆ ಮುದ್ದೇಬಿಹಾಳದಿಂದ ಬರ್ತೀರಿ, ಬಂದ ದಿನಾನ ನಾ ಮನ್ಯಾಗಿಲ್ಲ. ಸಿಟ್ಟಾಗಬ್ಯಾಡ್ರಿ. ಸಿಂದಗಿ ಕಾಲೇಜಿಗೆ ಹೊಂಟೇನಿ.

ನಾ ನೋಡ್ಕೊಳ್ಳೋ ಅಲ್ಲಿಯ ಮೇಲ್ ಸರ್ವರಿನ ಸರ್ಟಿಫಿಕೇಟು ಇವತ್ತ ಮುಗೀತೈತಿ. ಹೊಸಾದು ಹಾಕದಿದ್ರ ನಾಳೆ ಎಲ್ಲಾರ ಕಂಪ್ಯೂಟರಿನ್ಯಾಗೂ ‘ಇದನ್ನ ನಂಬಬ್ಯಾಡ್ರಿ’ ಅಂತ ಬರ್ತೈತಿ. ಮೊದಲ ಮಾಡೂಣಂದ್ರ ನಾಕು ದಿನ ಅಲ್ಲಿ ಕರೆಂಟೇ ಇರಲಿಲ್ಲ.

ತಪ್ಪು ನಂದ. ಮರೀಬಾರದಂತ ಹೋದ ವರ್ಷ ನಮ್ಮ ಲಗ್ನದ ತಾರೀಕಿಗೇ ಅದು ಮುಗಿಯೋ ಹಂಗ ಇಟ್ಟಿದ್ದೆ. ನೆನಪೇನೋ ಉಳೀತು, ನಾ ಮನ್ಯಾಗ ಉಳೀಲಿಲ್ಲ.

ಇವತ್ತಿನ ಸಿಹಿಗಂತ ಡಬ್ಬ್ಯಾಗ ಮಾದಲಿ ಐತಿ, ತುಪ್ಪ ಕಾಸಿಟ್ಟೇನಿ. ನಳದ ನೀರು ಮೂರಕ್ಕ ಬರ್ತಾವ, ಕೊಡ ತುಂಬ್ರಿ. ಹೋದ ಸಲದಂಗ ಮಲಗಿಬಿಡಬ್ಯಾಡ್ರಿ! ನೀಲಿ ಅಂಗಿಗೆ ಗುಂಡಿ ಹಚ್ಚೇನಿ, ಅದನ್ನ ಹಾಕ್ಕೊಂಡಿರ್ರಿ.

ಈ ಸಲ ಸರ್ಟಿಫಿಕೇಟು ಮುನ್ನೂರು ದಿನಕ್ಕಷ್ಟ ಮಾಡ್ತೇನಿ. ಬರೋ ವರ್ಷ ಈ ದಿನ ಯಾರು ಕರದ್ರೂ ಹೊಸ್ತಿಲಾ ದಾಟೂದಿಲ್ಲ.

ನನ್ನ ಬಸ್ಸು ವಾಪಸ್ ನಮ್ಮ ಇಂಡಿಗೆ ಸಂಜಿ ಆರಕ್ಕ ಮುಟ್ತೈತಿ. ನಿಮ್ಮ ಮುದ್ದೇಬಿಹಾಳದ ಬಸ್ಸು ಐದೂವರಿಗೇ ಬಿಡ್ತೈತಿ, ಗೊತ್ತೈತಿ.

ಆದ್ರೂ ಆರಕ್ಕ ಎರಡು ಕಪ್ ಚಾ ಇಡ್ರಿ.

ಕೋಮಲ