ಅಜ್ಜಿಯ ಕಾರು ನನ್ನ ಹೆಸರಿಗೆ ಬೇಡ

ಅಪ್ಪಾ,

ಹಾಲು ಕಾಸಿಟ್ಟಿದ್ದೇನೆ, ಆರಿದ ಮೇಲೆ ಮುಚ್ಚಿಡಿ. ನಾನು ಬಸ್ಸಿಗೆ ಹೊರಟೆ. ಕಾರಿನ ಕೀಲಿ ಫ್ರಿಜ್ ಮೇಲಿದೆ. ಅದನ್ನು ನನ್ನ ಹೆಸರಿಗೆ ಮಾಡಿಸಲು ಇವತ್ತು ಹೋಗಬೇಡಿ, ದಮ್ಮಯ್ಯ.

"ಈಗಿನವ್ರಿಗೆ ಸ್ವಂತ ಕಾರಂದ್ರೆ ಅಷ್ಟಕ್ಕಷ್ಟೆ, ಮೊಬೈಲ್ ಒತ್ತಿದ್ರೆ ಬಾಗ್ಲಿಗೇ ಬರುತ್ತಲ್ಲ!" ಎಂದು ನೀವು ಮೂಗಲ್ಲಿ ಗೊಣಗುವುದು ಇಲ್ಲಿಗೇ ಕೇಳಿಸಿತು. ಹೌದು, ನಿಲ್ಲಿಸಲು ಜಾಗ ಹುಡುಕುವ ಕಾರುಬಾರು ನನಗೆ ಬೇಡ. ಆದರೆ ಅದಷ್ಟೇ ಅಲ್ಲ.

ನೀವೂ ಉದ್ದ, ನಾನೂ ಉದ್ದ. ಅಜ್ಜಿ ತೀರಿಕೊಂಡ ಮೇಲೆ ಕಾರು ಒರೆಸಿದಾಗೆಲ್ಲ ಸೀಟನ್ನು ಹಿಂದಕ್ಕೆ ತಳ್ಳಿ ಬರುತ್ತೇನೆ. ಮರುದಿನ ನೋಡಿದರೆ ಅದು ಸ್ಟೀರಿಂಗಿಗೆ ಅಂಟಿಕೊಂಡಿರುತ್ತದೆ, ಕುಳ್ಳಿ ಅಜ್ಜಿಗೆ ಬೇಕಾದಷ್ಟು ಹತ್ತಿರ. ನಿನ್ನೆ ತಮಾಷೆಗೆ, ಗೇಟು ತೆಗೆಯಿರಿ ಅಂತ ಅವರು ಹೊಡೆಯುತ್ತಿದ್ದ ಹಾರ್ನನ್ನು ಬಾಯಲ್ಲಿ ಅಣಕಿಸಿದೆ: ಪೀಪ್, ಪೀಪ್, ಪೀಈಈಪ್. ಶೆಡ್ಡಿನಿಂದ ಹಾಗೆಯೇ ಉತ್ತರ ಬಂತು. ಮೊದಲೇ ಅದರ ಬ್ಯಾಟರಿ ಬಿಚ್ಚಿ ಮೆಟ್ಟಿಲ ಕೆಳಗೆ ಇಟ್ಟವರು ನೀವೇ ಅಲ್ಲವೇ?

ಆ ಕಾರಿಗೆ ಒಡತಿ ಇದ್ದಾರೆ ಅಪ್ಪಾ. ಕಿತ್ತುಕೊಳ್ಳುವುದು ಬೇಡ.

ಗೇಟಿಗೆ ಬೀಗ ಹಾಕಬೇಡಿ. ಸಂಜೆ ಹಾರ್ನ್ ಕೇಳಿದರೆ ನನ್ನ ಚೇಷ್ಟೆ ಅಂತ ಬೈಯಬೇಡಿ. ನಾನು ಬಂದರೆ ಬೆಲ್ ಒತ್ತುತ್ತೇನೆ.

ನಿಮ್ಮ ಗಿಳಿ