ಹದಿನಾಲ್ಕನೇ ಫೈಲು

ಜೂನ್ 2, ಸೋಮವಾರ

ಇವತ್ತೂ ಅದೇ ಪಾಠ. ಮೂರನೇ ಸಭೆ, ನಲವತ್ತೊಂದು ಜನ. ನಮ್ಮ ಕುಶಲ ತರಬೇತಿ ಮಂಡಳಿ ಇನ್ನೊಂದು ಮಂಡಳಿಯ ಜೊತೆ ವಿಲೀನ. ಕಚೇರಿ ಮೈಸೂರಿನೊಳಗೇ ನಜರ್‌ಬಾದಿನಿಂದ ಹೂಟಗಳ್ಳಿಗೆ. ಕೆಲವು ಹುದ್ದೆಗಳು ಕಲಬುರಗಿಗೆ. ಎಲ್ಲರಿಗೂ ತಿಳಿಹೇಳಬೇಕಾದ ನೋಡಲ್ ಆಫೀಸರ್ ನಾನು. “ಯಾರೂ ಗಾಬರಿ ಆಗ್ಬೇಡಿ. ಏನಿದ್ರೂ ನನ್ನ ಕೇಳಿ” ಎಂದೆ.

ಅಟೆಂಡರ್ ಪುಟ್ಟಮಾದಮ್ಮ ಎದ್ದು ನಿಂತರು. “ನಂಗೆ ಓದಾಕೆ ಬರಲ್ಲ ಸಾರ್. ಹೂಟಗಳ್ಳಿ ಬಸ್ ನಂಬರ್ ದಪ್ಪಕ್ಕೆ ಬರ್ಕೊಟ್ಬುಡಿ, ಕಂಡಕ್ಟರ್‌ಗೆ ತೋರುಸ್ತೀನಿ.”

ಬರೆದುಕೊಟ್ಟೆ. ಯಾರಿಗೋ ಉಪಯೋಗಕ್ಕೆ ಬಂದೆ ಅನ್ನಿಸಿತು.

ಜೂನ್ 5, ಗುರುವಾರ. ಸಂಜೆ 5.40

ಸುತ್ತೋಲೆ ಬಂತು. ಸೂಪರಿಂಟೆಂಡೆಂಟ್ ಹುದ್ದೆ ಮೈಸೂರಿನಲ್ಲಿ ಒಂದೇ ಉಳಿಯುತ್ತದೆ. ಇರುವವರು ಇಬ್ಬರು — ನಾನು, ಪ್ರೇಮಲೀಲಾ. ಆಕೆ ನನಗಿಂತ ಎಂಟು ತಿಂಗಳು ಜೂನಿಯರ್. ಹಾಗಾಗಿ ಕಲಬುರಗಿ ಆಕೆಗೆ.

ಆದರೆ ಕೊನೆಯ ಪ್ಯಾರಾ... ಅಂಗವೈಕಲ್ಯ ಇರುವ ಮಕ್ಕಳ ತಂದೆತಾಯಿ ವಿನಾಯಿತಿ ಕೇಳಬಹುದು. ಹನ್ನೊಂದನೇ ತಾರೀಖಿನೊಳಗೆ ಅರ್ಜಿ. ಪ್ರೇಮಲೀಲಾ ಮಗಳು ಅಕ್ಷತಾಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಆಪರೇಷನ್ ಮಾಡಿ ಮೆಷಿನ್ ಹಾಕಿದ್ದಾರೆ. ವಾರಕ್ಕೆ ಮೂರು ದಿನ ಇಲ್ಲಿ ಮಾತಿನ ಥೆರಪಿ.

ಆಕೆ ಅರ್ಜಿ ಹಾಕಿದರೆ ಹೋಗಬೇಕಾದವನು ನಾನು. ಶ್ರೀರಾಂಪುರದ ಹೊಸ ಮನೆಗೆ ಬಂದು ಇನ್ನೂ ಐದು ತಿಂಗಳು. ಹೆಂಡತಿ ಕುಸುಮಳ ಸಂಗೀತ ಪಾಠಕ್ಕೆ ಈಗಷ್ಟೇ ಮಕ್ಕಳು ಬರತೊಡಗಿದ್ದಾರೆ.

ಗ್ರೂಪಿಗೆ ನಾಳೆ ಹಾಕಿದರಾಯಿತು.

ಜೂನ್ 6, ಶುಕ್ರವಾರ

ಹಾಕಿದೆ. ವಾಟ್ಸಾಪ್ ಗ್ರೂಪಿಗೆ ಒಟ್ಟು ಇಪ್ಪತ್ಮೂರು ಫೈಲು. ಲಾರಿ ಪಟ್ಟಿ, ಬೀರು ನಂಬರು, ಹೊಸ ಕಟ್ಟಡದ ನಕ್ಷೆ... ಸುತ್ತೋಲೆ ಹದಿನಾಲ್ಕನೆಯದು. ಬೇಕೆಂದೇ ನಡುವೆ ಇಟ್ಟೆ. ಇಲ್ಲಿ ಸುಳ್ಳು ಬರೆದು ಏನು ಪ್ರಯೋಜನ.

ಮಧ್ಯಾಹ್ನ ರೆಕಾರ್ಡ್ ರೂಮಿನ ಬಾಗಿಲಲ್ಲಿ ಪ್ರೇಮಲೀಲಾ ಸಿಕ್ಕರು. ಕೈತುಂಬ ಧೂಳು. “ಅಷ್ಟೊಂದು ಫೈಲ್ ಹಾಕಿದ್ದೀರಲ್ಲ ಸಾರ್, ನಾನು ನೋಡ್ಲೇಬೇಕಾದ್ದು ಏನಾದ್ರೂ ಇದ್ಯಾ?”

“ಎಲ್ಲಾ ಸಾಮಾನು ಸಾಗ್ಸೋ ವಿಷಯ ಕಣ್ರೀ. ನಿಮ್ದೇನೂ ಇಲ್ಲ.”

“ಸದ್ಯ” ಎಂದು ನಕ್ಕರು.

ಜೂನ್ 11, ಬುಧವಾರ

ಕೊನೆಯ ದಿನ. ಆಕೆ ನನ್ನ ಎದುರಿಗೇ ಕೂತು ಬೆಳಿಗ್ಗೆಯಿಂದ ಕಡತ ಕಟ್ಟಿದರು. ಊಟಕ್ಕೆ ತಂದಿದ್ದ ಚಿತ್ರಾನ್ನದಲ್ಲಿ ಅರ್ಧ ನನಗೆ ಹಾಕಿದರು. ತಿಂದೆ.

ಐದೂವರೆಗೆ “ಎಲ್ಲ ಸಿಬ್ಬಂದಿಗೂ ಮಾಹಿತಿ ನೀಡಲಾಗಿದೆ” ಎಂದು ವರದಿ ಕಳಿಸಿದೆ.

ಜುಲೈ 1, ಮಂಗಳವಾರ

ಇಷ್ಟು ದಿನ ಬರೆಯಲಾಗಲಿಲ್ಲ.

ಆದೇಶ ಬಂತು. ಪ್ರೇಮಲೀಲಾ — ಕಲಬುರಗಿ. ಹದಿನೈದು ದಿನದಲ್ಲಿ ಹಾಜರಾಗಬೇಕು. ಕಾಗದ ಹಿಡಿದು ಸೀದಾ ನನ್ನ ಹತ್ತಿರವೇ ಬಂದರು. “ಇನ್ಯಾರನ್ನ ಕೇಳ್ಲಿ ಸಾರ್. ನೀವೇ ಏನಾದ್ರೂ ದಾರಿ ಹೇಳಿ.”

ಮನವಿ ಬರೆದುಕೊಟ್ಟೆ. ಚೆನ್ನಾಗಿಯೇ ಬರೆದೆ. ಅವಧಿ ಮೀರಿದೆ, ತಿರಸ್ಕಾರವಾಗುತ್ತದೆ ಎಂದು ಗೊತ್ತಿದ್ದೇ ಬರೆದೆ. ಥ್ಯಾಂಕ್ಸ್ ಹೇಳಿ ಹೋದರು.

ಜುಲೈ 5, ಶನಿವಾರ

ಹೂಟಗಳ್ಳಿಗೆ ಸಾಮಾನು ಸಾಗಿಸಿದೆವು. ಹೊಸ ಕಟ್ಟಡದಲ್ಲಿ ಇನ್ನೂ ಬಣ್ಣದ ವಾಸನೆ. ಪುಟ್ಟಮಾದಮ್ಮ ಬಂದು ಮೆಲ್ಲಗೆ, “ಪ್ರೇಮಲೀಲಮ್ಮೋರು ಒಳಗೆ ಒಬ್ರೇ ಕೂತ್ಕಂಡು ಅಳ್ತಾವ್ರೆ ಸಾರ್. ನೀವು ಒಂದ್ ಮಾತಾಡುದ್ರೆ ಸಮಾಧಾನ ಆಯ್ತದೆ” ಎಂದರು.

ಲಾರಿ ಬಂತು ನೋಡಬೇಕು ಎಂದು ಗೇಟಿಗೆ ಹೋದೆ. ಯಾವ ಲಾರಿಯೂ ಬಂದಿರಲಿಲ್ಲ.

ಜುಲೈ 8, ಮಂಗಳವಾರ

ಮನವಿ ತಿರಸ್ಕೃತ. ‘ಮಾಹಿತಿ ನೀಡಿದ್ದಾಗ್ಯೂ ನಿಗದಿತ ಅವಧಿಯಲ್ಲಿ ಅರ್ಜಿ ಸಲ್ಲಿಸಿರುವುದಿಲ್ಲ.’

ಆಕೆ ಫೋನಿನಲ್ಲಿ ಹುಡುಕಿ ಆ ಫೈಲು ತೆಗೆದರು. ಓದಿದರು. “ಇತ್ತು ಸಾರ್. ನಾನೇ ನೋಡಿಲ್ಲ. ನನ್ನ ಮಗಳ ಬಾಳು ನಾನೇ ಹಾಳ್ಮಾಡ್ಬುಟ್ಟೆ.”

ಆಗಲೂ ಬಾಯಿ ಬಿಡಲಿಲ್ಲ ನಾನು. ನೀರು ಬೇಕಾ ಎಂದು ಕೇಳಿದೆ. ಥೂ.

ಜುಲೈ 9, ಬುಧವಾರ

ನಿರ್ದೇಶಕರ ಮುಂದೆ ಎಲ್ಲ ಹೇಳಿದೆ. ಅವರು ಆದೇಶದ ಕಡತ ತರಿಸಿ ನೋಡಿದರು. ಆಮೇಲೆ, “ಆದೇಶ ವಾಪಸ್ ಆಗಲ್ಲ ಷಡಕ್ಷರಿ. ನೀವಿಬ್ರೂ ಒಪ್ಪಿದ್ರೆ ಪರಸ್ಪರ ಬದಲಾವಣೆ ಮಾಡ್ಬಹುದು. ಅವರ ಸಹಿ ಬೇಕು. ಯಾಕೆ ಅಂತ ನೀವೇ ಹೇಳಿ ತಗೊಂಡ್ಬನ್ನಿ.”

ಸಂಜೆ ಹಿನಕಲ್‌ನಲ್ಲಿರುವ ಆಕೆಯ ಮನೆಗೆ ಹೋದೆ. ಅಕ್ಷತಾ ಕನ್ನಡಿ ಮುಂದೆ ‘ಳ’ ಅಭ್ಯಾಸ ಮಾಡುತ್ತಿದ್ದಳು. ಬಾಳೆ. ಮಳೆ. ಬಾಳೆ. ತಾಯಿ ಒಳಗೆ ಕಳಿಸಿದರು. ನಾನು ಹೇಳಿದೆ.

“ಆವತ್ತು ನಾನು ಕೇಳಿದ್ದೆ ಅಲ್ವಾ ಸಾರ್?”

“ಕೇಳಿದ್ರಿ.”

“ನಂದೇ ತಪ್ಪು ಅಂತ ನಿನ್ನೆಯಿಂದ ಅನ್ನ ಸೇರಿಲ್ಲ ನಂಗೆ. ನಿಮ್ಮೆದುರಿಗೇ ಅಂದೆ. ನೋಡ್ತಾ ನಿಂತಿದ್ರಿ.”

ಸಹಿ ಹಾಕಿ, ಕಾಗದವನ್ನು ನನ್ನ ಕೈಗೆ ಕೊಡದೆ ಟೀಪಾಯಿ ಮೇಲಿಟ್ಟರು. “ಹೋಗಿ ಸಾರ್. ಇನ್ನು ನನ್ನತ್ರ ಮಾತಾಡ್ಬೇಡಿ.”

ಜುಲೈ 15, ಮಂಗಳವಾರ

ಒಪ್ಪಿಗೆ ಬಂತು. ನಾನು ಕಲಬುರಗಿಗೆ. ಕಚೇರಿ ತುಂಬ ನನ್ನ ತ್ಯಾಗದ ಮಾತು! ಪ್ರೇಮಲೀಲಾ ಯಾರಿಗೂ ಹೇಳಿಲ್ಲ. ತಲೆಯೆತ್ತದೆ ಕೆಲಸ ಮಾಡುತ್ತಾರೆ. ಕುಸುಮಳಿಗೂ ನಾನು ಅರ್ಧವೇ ಹೇಳಿದ್ದು. ರಾಯರ ಮಠದಲ್ಲಿ ಅರ್ಚನೆ ಮಾಡಿಸಿ ಬಂದು, “ನಿಮ್ಮಂಥೋರು ಎಷ್ಟ್ ಜನ ಸಿಗ್ತಾರೆ” ಎಂದು ಕುಂಕುಮ ಇಟ್ಟಳು.

ನೆಪ ಹೇಳಿ ಹೋಗಿ ಮುಖ ತೊಳೆದುಕೊಂಡೆ.

ಜುಲೈ 18, ಶುಕ್ರವಾರ. ಸಂಜೆ

ಬೀಳ್ಕೊಡುಗೆ ಸಭೆ. ಪುಟ್ಟಮಾದಮ್ಮ ಶಾಲು ಬಿಡಿಸಿ ಹಿಡಿದು ಬಂದರು. ತಡೆದೆ. ನಿಂತು ಹೇಳಿಬಿಟ್ಟೆ — ಫೈಲು, ಆಕೆಯ ಪ್ರಶ್ನೆ, ನನ್ನ ಉತ್ತರ. ಐದು ನಿಮಿಷವೂ ಆಗಲಿಲ್ಲ. ಪುಟ್ಟಮಾದಮ್ಮ ಶಾಲನ್ನು ಮಡಿಕೆ ತಪ್ಪದಂತೆ ಮಡಚಿ ಕವರಿಗೆ ಹಾಕಿದರು. ಪ್ರೇಮಲೀಲಾ ಎದ್ದು ಹೊರಗೆ ಹೋದರು.

ಹಗುರಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ಮನೆಗೆ ಬರುವ ಮೊದಲೇ ಯಾರೋ ಕುಸುಮಳಿಗೆ ಫೋನ್ ಮಾಡಿದ್ದಾರೆ. ಪಾಠದ ಮಕ್ಕಳನ್ನು ಕಳಿಸಿಬಿಟ್ಟಿದ್ದಾಳೆ. “ನಿಜಾನಾ?” ಎಂದಳು. ನಿಜ ಎಂದೆ.

“ಆ ಮಗೂನ ಮೊದ್ಲೇ ನೋಡಿದ್ರಾ ನೀವು?”

ನೋಡಿದ್ದೆ. ಹೋದ ವರ್ಷ ಕಚೇರಿಗೆ ಬಂದಿದ್ದಳು. ನನ್ನ ಟೇಬಲ್ ಹತ್ತಿರ ನಿಂತು, ಹೆಸರು ಹೇಳು ಅಂದಾಗ ಕಷ್ಟಪಟ್ಟು ಹೇಳಿದಳು. ನಾನೇ ಚಪ್ಪಾಳೆ ತಟ್ಟಿದ್ದೆ. ಅವಳಿಗೆ ಉತ್ತರ ಕೊಡದೆ ಇಲ್ಲಿ ಬರೆಯುತ್ತ ಕೂತಿದ್ದೇನೆ. ಇದನ್ನು ಹೇಗೆ ಹೇಳಲಿ ಕುಸುಮಳಿಗೆ?